‘ಮರ್ಟ್ಯಾಗ್’ ಓದಬಹುದಾ? ಓದಿದವರು ಎರಡು ಪಂಗಡವಾಗಿರುವುದು ಯಾಕೆ?

ನಿಮ್ಮ ಪ್ರಶ್ನೆ: ಕ್ರಿಸ್ಟೋಫರ್ ಪಾವೊಲಿನಿಯ ಎರಗಾನ್ ಸರಣಿಯ ನಾಲ್ಕು ಪುಸ್ತಕಗಳನ್ನು ಹೈಸ್ಕೂಲಿನಲ್ಲಿ ಓದಿದ್ದೀರಿ, ಈಗ ಅರ್ಧಕ್ಕರ್ಧ ಮರೆತಿದೆ. 2023ರಲ್ಲಿ ಬಂದ ‘ಮರ್ಟ್ಯಾಗ್’ ಸರಣಿಯಲ್ಲೇ ಮೇಲು ಎಂದು ಕೆಲವರು ಹೇಳುತ್ತಾರೆ, ನಡುವೆ ಕೈಬಿಟ್ಟೆವು ಎಂದು ಕೆಲವರು ಹೇಳುತ್ತಾರೆ. ಯಾರ ಮಾತು ನಂಬುವುದು, ಹಳೆಯದನ್ನೆಲ್ಲ ಮತ್ತೆ ಓದಬೇಕಾ, ಹನ್ನೊಂದು ವರ್ಷದ ಅಕ್ಕನ ಮಗನಿಗೆ ಕೊಡಬಹುದಾ?

ಓದಿ. ಹಳೆಯ ನಾಲ್ಕನ್ನೂ ಪೂರ್ತಿ ಓದುವ ಅಗತ್ಯವಿಲ್ಲ, ಆಯ್ದ ಕೆಲವು ಭಾಗ ಸಾಕು. ಅವು ಯಾವುವು ಎಂದು ಕೆಳಗೆ ಬರೆದಿದ್ದೇನೆ. ಹುಡುಗನಿಗೆ ಈಗಲೇ ಬೇಡ, ಅದರ ಕಾರಣ ಕೊನೆಯಲ್ಲಿದೆ. ಕಥೆಯ ಗುಟ್ಟು ಬಿಡುವ ಜಾಗ ಬಂದಾಗ ಮೊದಲೇ ಹೇಳುತ್ತೇನೆ.

ಭಿನ್ನಾಭಿಪ್ರಾಯದ ಮೂಲ ಬಹುಮಟ್ಟಿಗೆ ನಿರೀಕ್ಷೆಯಲ್ಲಿದೆ. ನಾಲ್ಕನೆಯ ಪುಸ್ತಕ ‘ಇನ್‌ಹೆರಿಟೆನ್ಸ್’ ಬಂದದ್ದು 2011ರ ನವೆಂಬರ್‌ನಲ್ಲಿ. ನಡುವೆ 2018ರ ಕೊನೆಗೆ ಮೂರು ಸಣ್ಣ ಕಥೆಗಳ ಒಂದು ಸಂಕಲನ ಬಂತು, ಅಷ್ಟೆ. ಹನ್ನೆರಡು ವರ್ಷ ಕಾದವರಲ್ಲಿ ಬಹಳ ಜನ ಕಾದಿದ್ದು ಎರಗಾನ್ ಮತ್ತು ಅವನ ಡ್ರ್ಯಾಗನ್ ಸಫೀರಾರ ಮುಂದಿನ ಕಥೆಗೆ. ಈ ಪುಸ್ತಕ ಆ ಕಥೆ ಅಲ್ಲ. ಕ್ರೂರ ರಾಜ ಗ್ಯಾಲ್ಬಟೋರಿಕ್ಸ್ ವಿರುದ್ಧದ ಯುದ್ಧ ಮುಗಿದು ಸುಮಾರು ಒಂದು ವರ್ಷ ಕಳೆದಿದೆ, ಮರ್ಟ್ಯಾಗ್ ತನ್ನ ಕೆಂಪು ಡ್ರ್ಯಾಗನ್ ಥಾರ್ನ್ ಜೊತೆ ತಲೆಮರೆಸಿಕೊಂಡು ಅಲೆಯುತ್ತಿದ್ದಾನೆ. ಸುಮಾರು 700 ಪುಟವೂ ಅವನೊಬ್ಬನ ಕಣ್ಣಿನಿಂದಲೇ ಸಾಗುತ್ತದೆ. ಹಳೆಯ ಪುಸ್ತಕಗಳಲ್ಲಿ ಎರಗಾನ್‌ನ ಸೋದರಸಂಬಂಧಿ ರೋರನ್ ಕಡೆಗೋ ಬಂಡುಕೋರರ ನಾಯಕಿ ನಾಸುವಾಡಾ ಕಡೆಗೋ ಕಥೆ ಹೊರಳಿದಾಗ ಓದುಗನಿಗೆ ಸಿಗುತ್ತಿದ್ದ ಬಿಡುವು ಇಲ್ಲಿ ಸಿಗುವುದಿಲ್ಲ. ಮರ್ಟ್ಯಾಗ್‌ನ ಮನಸ್ಸು ಕುಗ್ಗಿದಾಗ ಪುಸ್ತಕವೂ ಕುಗ್ಗುತ್ತದೆ. ಅದನ್ನು ಕೊರತೆ ಅನ್ನುವವರಿದ್ದಾರೆ. ಒಬ್ಬನ ಒಳಗನ್ನು ಬರೆಯಲು ಹೊರಟವನಿಗೆ ಬೇರೆ ದಾರಿ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಗುಂಪೂ ಇದೆ. ‘ಮರ್ಟ್ಯಾಗ್’ ಬಿಡುಗಡೆಯಾದ ದಿನವೇ, ಅಂದರೆ 2023ರ ನವೆಂಬರ್ 7ರಂದು, ರೆಬೆಕಾ ಯಾರೋಸ್ ಅವರ ಡ್ರ್ಯಾಗನ್ ಸರಣಿಯ ಎರಡನೆಯ ಪುಸ್ತಕ ‘ಐರನ್ ಫ್ಲೇಮ್’ ಕೂಡ ಬಂತು. ಆ ಕಡೆಯಿಂದ ಇಲ್ಲಿಗೆ ಬಂದವರಿಗೆ ಪ್ರೇಮಕಥೆಯ ವೇಗ ಬೇಕು. ಇಲ್ಲಿ ಪ್ರೇಮ ಇದೆ, ಆದರೆ ಹೆಚ್ಚಿನ ಭಾಗ ದೂರದಲ್ಲಿದ್ದುಕೊಂಡೇ ನೋಯಿಸುವ ಪ್ರೇಮ. ಹಾಗಾಗಿ ಯಾವುದೇ ವಿಮರ್ಶೆ ಓದುವಾಗ, ಬರೆದವರು ಏನು ಹುಡುಕಿಕೊಂಡು ಬಂದಿದ್ದರು ಎಂದು ಮೊದಲು ನೋಡಿ. ‘ಎರಗಾನ್ ಇಲ್ಲ’ ಎಂಬ ದೂರು ನಿಮ್ಮ ದೂರಲ್ಲದಿದ್ದರೆ ಆ ಒಂದು ನಕ್ಷತ್ರದ ರೇಟಿಂಗ್ ನಿಮಗೆ ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಮರ್ಟ್ಯಾಗ್‌ನನ್ನು ಕರ್ಣನಿಗೆ ಹೋಲಿಸುವುದು ಸಹಜ. ಅವನಿಗೂ ಎರಗಾನ್‌ಗೂ ತಾಯಿ ಒಬ್ಬಳೇ, ಅಣ್ಣತಮ್ಮಂದಿರು ಎದುರುಬದುರು ಪಾಳೆಯದಲ್ಲಿ. ಆದರೆ ಒಂದು ವ್ಯತ್ಯಾಸ ಮರೆತರೆ ಈ ಪುಸ್ತಕದ ಮುಖ್ಯ ನೋವೇ ಕೈತಪ್ಪುತ್ತದೆ. ಕರ್ಣ ಉಪ್ಪಿನ ಋಣಕ್ಕೆ ಕಟ್ಟುಬಿದ್ದು ನಿಂತವನು. ಮರ್ಟ್ಯಾಗ್‌ಗೆ ಋಣವಿರಲಿಲ್ಲ. ಗ್ಯಾಲ್ಬಟೋರಿಕ್ಸ್ ಅವನ ನಿಜನಾಮ, ಅಂದರೆ ಅವನ ಸ್ವಭಾವವನ್ನೇ ಹೇಳುವ ಗುಟ್ಟಿನ ಹೆಸರು, ಹಿಡಿದು, ಮಂತ್ರಗಳ ಭಾಷೆಯಾದ ಪ್ರಾಚೀನ ಭಾಷೆಯಲ್ಲಿ ಬಲವಂತವಾಗಿ ಆಣೆ ಹಾಕಿಸಿದ. ಆ ಆಣೆ ಮೀರಲು ಬೇಕಾದದ್ದು ಧೈರ್ಯವಲ್ಲ. ತನ್ನ ಸ್ವಭಾವವೇ ಬದಲಾಗಿ, ಅದರೊಂದಿಗೆ ನಿಜನಾಮ ಬದಲಾಗಬೇಕು. ಬಲವಂತದಿಂದ ಮಾಡಿದ್ದಕ್ಕೂ ತಾನು ಹೊಣೆಯೇ ಎಂಬ ಪ್ರಶ್ನೆ ಅವನನ್ನು ಪುಸ್ತಕದುದ್ದಕ್ಕೂ ಕಾಡುತ್ತದೆ.

ಈಗ ಹಳೆಯದರಲ್ಲಿ ಏನು ಓದಬೇಕು ಎಂಬುದು. ಮೊದಲ ಪುಸ್ತಕ ‘ಎರಗಾನ್’ನಲ್ಲಿ ಎರಗಾನ್‌ನ ಗುರು ಬ್ರಾಮ್ ಸಾಯುವ ಜಾಗದಿಂದ ಕೊನೆಯವರೆಗೆ ಓದಿ. ಮರ್ಟ್ಯಾಗ್ ಕಥೆಗೆ ಬರುವುದೇ ಅಲ್ಲಿ. ಗಿಲಿಯಡ್ ಊರಿನ ಸೆರೆಮನೆಯಿಂದ ಎರಗಾನ್‌ನನ್ನು ಬಿಡಿಸುವುದು, ಹಡರಾಕ್ ಮರುಭೂಮಿ ದಾಟುವುದು, ಅಸಹಾಯಕನಾಗಿ ಬಿದ್ದ ಗುಲಾಮರ ವ್ಯಾಪಾರಿಯ ತಲೆ ಕಡಿಯುವುದು, ಬೆನ್ನಿನ ಮೇಲಿನ ಗಾಯದ ಗುರುತು ತೋರಿಸುವುದು, ಇವೆಲ್ಲ ಈ ಭಾಗದಲ್ಲಿವೆ. ಹೊಸ ಪುಸ್ತಕದಲ್ಲಿ ಅವನು ಮತ್ತೆ ಗಿಲಿಯಡ್‌ಗೇ ಹೋಗುವುದರಿಂದ ಇದು ತಾಜಾ ಇದ್ದರೆ ಓದಿನ ರುಚಿಯೇ ಬೇರೆ. ‘ಎಲ್ಡೆಸ್ಟ್’ನಲ್ಲಿ ಮೊದಲ ಅಧ್ಯಾಯ ಮತ್ತು ಕೊನೆಯ ಯುದ್ಧ. ‘ಬ್ರಿಸಿಂಗರ್’ನಲ್ಲಿ ಮರ್ಟ್ಯಾಗ್ ಮತ್ತು ಥಾರ್ನ್ ಆಕಾಶದಲ್ಲಿ ಎದುರಾಗುವ ಅಧ್ಯಾಯ, ಜೊತೆಗೆ ಕೊನೆಗೆ ಗಿಲಿಯಡ್ ಮೇಲೆ ಎರಗಾನ್‌ನ ಇನ್ನೊಬ್ಬ ಗುರು ಓರೊಮಿಸ್ ಮತ್ತು ಅವನ ಡ್ರ್ಯಾಗನ್ ಗ್ಲೇಡರ್‌ಗೆ ಏನಾಯಿತು ಎಂಬುದು. ಆ ದಿನ ಗ್ಯಾಲ್ಬಟೋರಿಕ್ಸ್ ಮಾತಾಡಿದ್ದು ಮರ್ಟ್ಯಾಗ್‌ನ ಬಾಯಿಂದ, ಕತ್ತಿ ಬೀಸಿದ್ದು ಮರ್ಟ್ಯಾಗ್‌ನ ಕೈಯಿಂದ.

‘ಇನ್‌ಹೆರಿಟೆನ್ಸ್’ನಲ್ಲಿ ಮಾತ್ರ ಆತುರ ಬೇಡ. ನಾಸುವಾಡಾಳನ್ನು ಸೆರೆಯಲ್ಲಿಟ್ಟು ಹಿಂಸಿಸುವ ಅಧ್ಯಾಯಗಳು, ಸಿಂಹಾಸನದ ಮುಂದಿನ ಕೊನೆಯ ಕಾಳಗ, ಮರ್ಟ್ಯಾಗ್ ಬೀಳ್ಕೊಂಡು ಉತ್ತರಕ್ಕೆ ಹೋಗುವ ಭಾಗ, ಈ ಮೂರನ್ನೂ ಸಾವಧಾನವಾಗಿ ಓದಿ. ಬೀಳ್ಕೊಡುವಾಗ ಊಮಾರಾತ್ ಎಂಬ ಹಿರಿಯ ಡ್ರ್ಯಾಗನ್ ಕೊಡುವ ಎಚ್ಚರಿಕೆಯನ್ನು ಗುರುತು ಹಾಕಿಕೊಳ್ಳಿ. ನೆಲ ಕಪ್ಪಾಗಿ ಗಾಳಿ ಗಂಧಕ ನಾರುವ ಕಡೆ ಕಾಲಿಡಬೇಡ ಎಂಬ ಅರ್ಥದ ಮಾತು ಅದು. ಆಗ ಬಹಳ ಜನ ಗಮನಿಸದೆ ದಾಟಿಬಿಟ್ಟರು. ಹೊಸ ಪುಸ್ತಕ ಬೆಳೆದಿರುವುದು ಆ ಮಾತಿನಿಂದಲೇ.

2018ರ ಸಂಕಲನ ಕಡ್ಡಾಯವಲ್ಲ. ಅದರಲ್ಲಿ ಸಿಯುನನ್ ಊರಿನ ಹೋಟೆಲ್‌ವೊಂದರಲ್ಲಿ ಎಸ್ಸಿ ಎಂಬ ಪುಟ್ಟ ಹುಡುಗಿ ಒಬ್ಬ ಅಪರಿಚಿತ ಪ್ರಯಾಣಿಕನನ್ನು ಭೇಟಿಯಾಗುತ್ತಾಳೆ. ಅದೇ ಘಟನೆ ‘ಮರ್ಟ್ಯಾಗ್’ನ ಆರಂಭದಲ್ಲಿ ಪ್ರಯಾಣಿಕನ ಕಣ್ಣಿನಿಂದ ಮತ್ತೆ ಬರುತ್ತದೆ. ಎರಡೂ ಸಿಕ್ಕಿದರೆ ಮೊದಲು ಹುಡುಗಿಯ ಕಥೆ ಓದಿ. ಅವಳಿಗೆ ಧೀರನಂತೆ ಕಂಡವನ ಒಳಗೆ ಎಷ್ಟು ಹಿಂಜರಿಕೆ ಇತ್ತು ಎಂಬುದು ಆಮೇಲೆ ಗೊತ್ತಾಗುವುದೇ ಚೆನ್ನ.

ಇಲ್ಲಿಂದ ಮುಂದೆ ಕಥೆಯ ಕೆಲವು ಗುಟ್ಟುಗಳಿವೆ. ಬೇಡವಾದವರು ಕೊನೆಯ ಎರಡು ಪ್ಯಾರಾಗಳಿಗೆ ಹೋಗಬಹುದು.

ಜನ ಪುಸ್ತಕ ಕೈಬಿಡುವ ಜಾಗ ಬಹುತೇಕ ಗಿಲಿಯಡ್. ಮರ್ಟ್ಯಾಗ್‌ಗೆ ಒಂದು ಮಾಹಿತಿ ಬೇಕು. ಅದು ಗೊತ್ತಿರುವ ಬೆಕ್ಕುಮಾನವರ ಕ್ಯಾರಬೆಲ್ ಬದಲಿಗೆ ಒಂದು ಕೆಲಸ ಕೇಳುತ್ತಾಳೆ. ಆ ಕೆಲಸ ಆಗಬೇಕಾದರೆ ಅವನು ಕಾವಲು ಪಡೆ ಸೇರಬೇಕು. ಪಡೆ ಸೇರಬೇಕಾದರೆ ಕೆರೆಯಲ್ಲಿರುವ ಮಾಟದ ದೈತ್ಯ ಮೀನನ್ನು ಕೊಂದು ಬರಬೇಕು. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಹಾಗೆ. ವಿಡಿಯೋ ಗೇಮಿನಲ್ಲಿ ‘ಇದು ತಂದುಕೊಡು, ಅದು ಕೊಡುತ್ತೇನೆ’ ಎಂದು ಓಡಾಡಿಸುವಂತಿದೆ ಎಂಬ ದೂರು ನ್ಯಾಯವಾದದ್ದೇ. ಮೀನಿನ ಬೇಟೆಯನ್ನು ಅರ್ಧಕ್ಕೆ ಇಳಿಸಿದ್ದರೂ ಕಥೆಗೆ ನಷ್ಟವಿರಲಿಲ್ಲ. ಬೇಸರವಾದರೆ ಅದನ್ನು ವೇಗವಾಗಿ ಓದಿಕೊಂಡು ಹೋಗಿ. ಅದಾದ ಮೇಲೆ ಅವನು ಸುಳ್ಳು ಹೆಸರಿನಲ್ಲಿ ಕಾವಲುಗಾರರ ನಡುವೆ ಇರುವ ಪುಟಗಳನ್ನು ಮಾತ್ರ ಹಾರಿಸಬೇಡಿ. ಹೆಸರು ಕೇಳಿದರೆ ಜನ ಉಗುಳುವ ಒಬ್ಬನಿಗೆ, ಹೆಸರು ಗೊತ್ತಿಲ್ಲದವರ ಪಂಕ್ತಿಯಲ್ಲಿ ಕೂತು ಉಣ್ಣುವ ಸುಖ ಅಲ್ಲಿ ಸಿಗುತ್ತದೆ. ಅಲ್ಲಿಂದ ಅವನು ಹೊರಬೀಳುವ ರೀತಿ ಮುಂದಿನ ಭಾಗದುದ್ದಕ್ಕೂ ಅವನ ಬೆನ್ನಿಗೆ ಅಂಟಿಕೊಂಡಿರುತ್ತದೆ.

ಎರಡನೆಯ ದೊಡ್ಡ ದೂರು ಮಂತ್ರಶಕ್ತಿಯದು. ಪ್ರಾಚೀನ ಭಾಷೆಯ ಹೆಸರೇ ಗೊತ್ತಿರುವವನು, ಅಂದರೆ ಯಾರ ಮಂತ್ರವನ್ನಾದರೂ ಕಟ್ಟಿಹಾಕಬಲ್ಲವನು, ಒಬ್ಬ ಮಾಟಗಾತಿಗೆ ಹೇಗೆ ಸೋತ? ಇದು ಲೇಖಕನ ಎಡವಟ್ಟು ಎನ್ನುವವರು ಸರಣಿಯ ನಿಯಮಗಳನ್ನು ಮರೆತಿದ್ದಾರೆ. ಮೊದಲ ನಿಯಮ: ಒಂದು ಕೆಲಸವನ್ನು ಕೈಯಿಂದ ಮಾಡಲು ಎಷ್ಟು ಬಲ ಬೇಕೋ ಮಂತ್ರದಿಂದ ಮಾಡಲೂ ಅಷ್ಟೇ ಬಲ ಖರ್ಚಾಗುತ್ತದೆ. ರಾಜನ ಕಾಲದಲ್ಲಿ ಮರ್ಟ್ಯಾಗ್‌ನ ಬೆನ್ನಿಗಿದ್ದ ಎಲ್ಡುನಾರಿಗಳ, ಅಂದರೆ ಡ್ರ್ಯಾಗನ್‌ಗಳ ಹೃದಯದ ಹೃದಯಗಳ, ಬಲ ಈಗ ಇಲ್ಲ. ಎರಡನೆಯದು: ರಕ್ಷೆಯ ಮಂತ್ರ ಏನನ್ನು ತಡೆ ಎಂದು ಹೇಳಿದೆಯೋ ಅದನ್ನಷ್ಟೇ ತಡೆಯುತ್ತದೆ. ಮೂರನೆಯದು ಮುಖ್ಯ: ಮಾತಿಲ್ಲದೆಯೂ ಮಂತ್ರ ಪ್ರಯೋಗಿಸಬಹುದು. ಮನಸ್ಸು ಒಂದು ಕ್ಷಣ ಆಚೀಚೆಯಾದರೂ ಮಂತ್ರ ಬೇರೆಯೇ ಆಗಿಬಿಡುತ್ತದೆ, ಅದಕ್ಕಾಗಿ ಡ್ರ್ಯಾಗನ್ ಸವಾರರು ಅದರಿಂದ ದೂರ ಇರುತ್ತಿದ್ದರು. ಎರಗಾನ್ ಗ್ಯಾಲ್ಬಟೋರಿಕ್ಸ್‌ನನ್ನು ಗೆದ್ದದ್ದೇ ಮಾತಿಲ್ಲದ ಮಂತ್ರದಿಂದ. ನಾಲ್ಗಾರ್ಗಾತ್‌ನ ಮಾಟಗಾತಿಯ, ಅಂದರೆ ಮರ್ಟ್ಯಾಗ್ ಸೆರೆಯಾಗುವ ಊರಿನ ಒಡತಿಯ, ಶಕ್ತಿಯೂ ಅದೇ ಬಗೆಯದು. ಭಾಷೆಯನ್ನೇ ಬಳಸದವಳ ಮೇಲೆ ಭಾಷೆಯ ಹೆಸರು ಏನು ಮಾಡೀತು? ಇದರ ಮೇಲೆ ಮದ್ದು ಕುಡಿಸಿ ಅವನ ಮನಸ್ಸನ್ನು ಮಂಕು ಮಾಡಿಟ್ಟಿರುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಲೇಖಕ ಅದನ್ನು ಎರಡು ಸಾಲು ಹೆಚ್ಚು ಬಿಡಿಸಿ ಹೇಳಬಹುದಿತ್ತು ಎಂಬುದನ್ನು ಒಪ್ಪುತ್ತೇನೆ.

ನಾಲ್ಗಾರ್ಗಾತ್‌ನ ಸೆರೆವಾಸವೇ ಪುಸ್ತಕದ ಎದೆ. ನೆಲದಿಂದ ಏಳುವ ಹೊಗೆ, ಊರಿಗೆ ಊರೇ ಕಾಣುವ ಕನಸು, ಹಗಲು ಯಾವುದು ಕನಸು ಯಾವುದು ತಿಳಿಯದ ಸ್ಥಿತಿ. ‘ಎಳೆದಿದ್ದಾರೆ’, ‘ಓದುವುದೇ ಹಿಂಸೆ’ ಎಂಬ ಮಾತು ಇಲ್ಲಿ ಬರುತ್ತದೆ. ಆದರೆ ಹಳೆಯ ನಾಲ್ಕು ಪುಸ್ತಕಗಳಲ್ಲಿ ಮರ್ಟ್ಯಾಗ್ ಮತ್ತು ಥಾರ್ನ್‌ರನ್ನು ಗ್ಯಾಲ್ಬಟೋರಿಕ್ಸ್ ಮುರಿದದ್ದು ತೆರೆಯ ಹಿಂದೆ ನಡೆದುಹೋಗಿತ್ತು. ಎರಗಾನ್‌ಗೆ ಗೊತ್ತಾದಷ್ಟೇ ನಮಗೂ ಗೊತ್ತಿತ್ತು. ಒಬ್ಬ ಮನುಷ್ಯನನ್ನು ಹೇಗೆ ಇಂಚಿಂಚಾಗಿ ಅವನೇ ಅಲ್ಲದವನನ್ನಾಗಿ ಮಾಡುತ್ತಾರೆ ಎಂಬುದನ್ನು ಈ ಬಾರಿ ಒಳಗಿನಿಂದ ತೋರಿಸಿದ್ದಾರೆ. ಇದನ್ನು ಹತ್ತು ಪುಟಕ್ಕೆ ಇಳಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಪಕ್ಕದ ಸೆರೆಯಲ್ಲಿರುವ ಉವೆಕ್ ಎಂಬ ಅರ್ಗಲ್ (ಕೊಂಬುಳ್ಳ ಬೇರೊಂದು ಜನಾಂಗದವನು) ಜೊತೆಗಿನ ಮಾತುಕತೆ ಸರಣಿಯಲ್ಲೇ ಅತ್ಯುತ್ತಮವಾದವುಗಳಲ್ಲಿ ಒಂದು. ‘ಎರಗಾನ್’ನಲ್ಲಿ ಅರ್ಗಲ್‌ಗಳೆಂದರೆ ಕೊಲ್ಲಬೇಕಾದ ಪ್ರಾಣಿಗಳು. ಅಲ್ಲಿಂದ ಇಲ್ಲಿಗೆ ಲೇಖಕ ಎಷ್ಟು ದೂರ ಬಂದಿದ್ದಾನೆ ನೋಡಿ.

ಥಾರ್ನ್ ಕಡಿಮೆ ಮಾತಾಡುತ್ತಾನೆ, ಸಫೀರಾಳ ಹಾಗೆ ಮನಸ್ಸಿಗೆ ಹತ್ತಿರವಾಗುವುದಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಅವನ ಮೈಯನ್ನು ಮಂತ್ರದಿಂದ ಬಲವಂತವಾಗಿ ಬೆಳೆಸಿದ್ದರು, ಮರಿಯಾಗಿದ್ದಾಗಲೇ ಹಿಂಸಿಸಿದ್ದರು. ಇಕ್ಕಟ್ಟಾದ ಜಾಗ ಕಂಡರೆ ನಡುಗುವಷ್ಟು ಭಯ ಅವನೊಳಗೆ ಉಳಿದಿದೆ. ಆ ಭಯ ಎಲ್ಲೆಲ್ಲಿ ಬರುತ್ತದೆ ಎಂದು ಗಮನಿಸುತ್ತ ಹೋದರೆ ಡ್ರ್ಯಾಗನ್‌ನ ಕಥೆಯೂ ಸಂಪೂರ್ಣವಾಗಿ ಸಿಗುತ್ತದೆ, ಅವನು ಮಾತಾಡದಿದ್ದರೂ.

ಕೊನೆಯ ಬಗ್ಗೆ ಒಂದೇ ಮಾತು. ಮರ್ಟ್ಯಾಗ್‌ನ ಒಳಗಿನ ಕಥೆ ಒಂದು ದಡ ಮುಟ್ಟುತ್ತದೆ, ಹೊರಗಿನ ಅಪಾಯ ಮುಗಿಯುವುದಿಲ್ಲ. ಮುಂದೆ ಬರುವ ಕಥೆಗೆ ಬಾಗಿಲು ತೆರೆದೇ ಇದೆ. ಒಂದೇ ಪುಸ್ತಕದಲ್ಲಿ ಎಲ್ಲ ಮುಗಿಯಬೇಕು ಅನ್ನುವವರಾದರೆ ಇದನ್ನು ಮೊದಲೇ ತಿಳಿದುಕೊಂಡು ಶುರುಮಾಡಿ.

ಅಕ್ಕನ ಮಗನ ವಿಷಯ. ಹನ್ನೊಂದಕ್ಕೆ ‘ಎರಗಾನ್’ ಸರಿಯಾದ ಪುಸ್ತಕ, ಅದನ್ನು ಕೊಡಿ. ಲೇಖಕ ಅದನ್ನು ಬರೆಯಲು ಶುರುಮಾಡಿದ್ದು ಹದಿನೈದನೆಯ ವಯಸ್ಸಿನಲ್ಲಿ. ಆ ವಯಸ್ಸಿನ ಹುರುಪು ಮಕ್ಕಳಿಗೆ ಬೇಗ ತಲುಪುತ್ತದೆ. ‘ಮರ್ಟ್ಯಾಗ್’ನಲ್ಲಿ ಕತ್ತಿಕಾಳಗಕ್ಕಿಂತ ಹೆಚ್ಚಾಗಿ ಮದ್ದು ಕೊಟ್ಟು ವಶಮಾಡಿಕೊಳ್ಳುವುದು, ಮನಸ್ಸಿಲ್ಲದೆ ಕೊಲ್ಲಿಸುವುದು, ಆಮೇಲಿನ ತನ್ನ ಮೇಲಿನ ಅಸಹ್ಯ, ಇವೇ ತುಂಬಿವೆ. ಹದಿನಾಲ್ಕರ ಮೇಲೆ ಕೊಡಿ, ಅದೂ ನಾಲ್ಕೂ ಓದಿದ ಮೇಲೆ. ನೇರವಾಗಿ ಇದರಿಂದ ಶುರುಮಾಡಿದರೆ ಕಥೆ ಅರ್ಥವಾಗುತ್ತದೆ, ಆದರೆ ನಾಸುವಾಡಾ ಹೆಸರು ಬಂದಾಗಲೆಲ್ಲ ಅವನು ಯಾಕೆ ತಲೆ ತಗ್ಗಿಸುತ್ತಾನೆ ಎಂಬುದು ತಟ್ಟುವುದಿಲ್ಲ.

ಕಣ್ಣಿಗಿಂತ ಕಿವಿಗೆ ಸಮಯ ಹೆಚ್ಚಿದ್ದರೆ ಆಡಿಯೋ ಪುಸ್ತಕವೂ ಇದೆ. ಹಳೆಯ ಪುಸ್ತಕಗಳನ್ನು ಓದಿದ ಜೆರಾರ್ಡ್ ಡಾಯ್ಲ್ ಅವರೇ ಇದನ್ನೂ ಓದಿದ್ದಾರೆ. ಗಿಲಿಯಡ್ ಭಾಗದ ನಿಧಾನ ಕೇಳುವಾಗ ಅಷ್ಟು ಕಾಡುವುದಿಲ್ಲ. ಆದರೆ ನಾಲ್ಗಾರ್ಗಾತ್ ಬಂದ ಮೇಲೆ ಪುಸ್ತಕವನ್ನೇ ಕೈಗೆ ತೆಗೆದುಕೊಳ್ಳಿ. ಕನಸು ಎಲ್ಲಿ ಶುರುವಾಯಿತು ಎಂದು ಪುಟ ಹಿಂದೆ ತಿರುಗಿಸಿ ನೋಡಬೇಕಾಗುತ್ತದೆ.