ಆನ್‌ಲೈನ್ ಗೊಂಬೆ ಅಲಂಕಾರ ಸ್ಪರ್ಧೆಯಲ್ಲಿ ಕೊನೆಯ ರಾತ್ರಿ ಏಕಾಏಕಿ ಲೈಕ್ ಏರಿದರೆ ಅದನ್ನು ಮೋಸ ಎನ್ನಬಹುದೇ?

ಕೊನೆಯ ರಾತ್ರಿಯವರೆಗೆ ಮುಂದಿದ್ದ ನಿಮ್ಮ ಗೊಂಬೆ ಅಲಂಕಾರ ಬೆಳಗಾಗುವಷ್ಟರಲ್ಲಿ ಎರಡನೆಯ ಸ್ಥಾನಕ್ಕೆ ಇಳಿದಿತ್ತು, ಗೆದ್ದವರಿಗೆ ಲೈಕ್ ಕೊಟ್ಟವರು ಬಹುಪಾಲು ಅಪರಿಚಿತರು, ಇದರ ಮೇಲೆ ದೂರು ಕೊಡಬಹುದೇ, ಮುಂದಿನ ವರ್ಷ ಹೆಚ್ಚು ಮತ ಗಳಿಸುವುದು ಹೇಗೆ ಎಂದು ಕೇಳಿದ್ದೀರಿ. 2023ರ ದಸರೆಯಲ್ಲಿ ನಾನೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಸಿಕ್ಕಸಿಕ್ಕವರನ್ನು ಕೇಳಿದ್ದೆ.

ನಾವು ಮೈಸೂರಿನವರು. ನಮ್ಮ ಅತ್ತೆಯವರ ಕಾಲದಿಂದಲೂ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಆ ವರ್ಷ ಏಳು ಮೆಟ್ಟಿಲು ಕಟ್ಟಿ, ಮೇಲಿನ ಮೆಟ್ಟಿಲಲ್ಲಿ ಕಳಶದ ಪಕ್ಕಕ್ಕೆ ರಾಜ-ರಾಣಿಯ ಜೋಡಿಯಾದ ಪಟ್ಟದ ಗೊಂಬೆಗಳನ್ನು ನಿಲ್ಲಿಸಿ, ರಾಣಿಗೆ ನನ್ನ ಮದುವೆಯ ರವಿಕೆಯಲ್ಲಿ ಉಳಿದಿದ್ದ ಜರಿಯಂಚಿನ ತುಂಡಿನಿಂದ ಹೊಸ ಸೀರೆ ಉಡಿಸಿದ್ದೆ. ಕೆಳಗಿನ ಮೆಟ್ಟಿಲುಗಳ ತುಂಬ ಚನ್ನಪಟ್ಟಣದ ಮರದ ಗೊಂಬೆಗಳ ಜಂಬೂಸವಾರಿ ಇತ್ತು. ಅದರ ಮುಂದೆ ತಟ್ಟೆಯಲ್ಲಿ ಮೊಳೆಸಿದ ರಾಗಿ ಪೈರು ಉದ್ಯಾನವಾಗಿತ್ತು. ಮನೆಗೆ ಬೇಕಾದ ಅಲಂಕಾರ ಸಾಮಗ್ರಿ ಮಾರುವ ಅಂಗಡಿಯೊಂದು ತನ್ನ ಫೇಸ್‌ಬುಕ್ ಪುಟದಲ್ಲಿ ‘ಸಾಂಪ್ರದಾಯಿಕ ಗೊಂಬೆ ಅಲಂಕಾರ ಸ್ಪರ್ಧೆ’ ಏರ್ಪಡಿಸಿದ್ದನ್ನು ನೋಡಿ ಚಿತ್ರ ಕಳುಹಿಸಿದೆ. ಅಲ್ಲಿದ್ದ ನಿಯಮ ಇಷ್ಟೇ: ಚಿತ್ರವನ್ನು ಕಳುಹಿಸಿ, ಬಂಧುಮಿತ್ರರೊಂದಿಗೆ ಹಂಚಿಕೊಳ್ಳಿ, ದಸರೆ ಮುಗಿಯುವವರೆಗೆ ಅತಿ ಹೆಚ್ಚು ಲೈಕ್ ಪಡೆದ ಅಲಂಕಾರಕ್ಕೆ ಬಹುಮಾನ. ಇದರ ಕೆಳಗೆ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಸಾಲೂ ಇತ್ತು. ನೋಡುಗರೇ ಮತ ಹಾಕುವ ಸ್ಪರ್ಧೆಯಲ್ಲಿ ಈ ತೀರ್ಪುಗಾರರು ಯಾರು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ನಾನು ಸೋತ ಕಾರಣವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲಿಯೇ ಎಡವಿರುವ ಸಾಧ್ಯತೆ ಇದೆ. ಅಂಗಡಿಯವರು ಎಲ್ಲರ ಚಿತ್ರಗಳನ್ನೂ ಒಂದೇ ಆಲ್ಬಮ್‌ನಲ್ಲಿ ಹಾಕಿದ್ದರು. ಅಂಥ ಆಲ್ಬಮ್‌ಗೆ ಬರುವ ಲೈಕ್ ಬೇರೆ, ಅದರೊಳಗಿನ ಒಂದೊಂದು ಚಿತ್ರವನ್ನು ತೆರೆದು ಕೊಡುವ ಲೈಕ್ ಬೇರೆ. ನಾನು ನನ್ನ ಚಿತ್ರವನ್ನು ನನ್ನ ಫೇಸ್‌ಬುಕ್ ಗೋಡೆಯ ಮೇಲೆ ಹಂಚಿಕೊಂಡೆ. ಅತ್ತಿಗೆ, ಚಿಕ್ಕಮ್ಮ, ನಾದಿನಿಯ ಮಕ್ಕಳು ಎಲ್ಲರೂ ಅಲ್ಲಿಯೇ, ನನ್ನ ಹೆಸರಿನ ಕೆಳಗೇ, ಲೈಕ್ ಒತ್ತಿದರು. ಹಾಗೆ ಹಂಚಿಕೊಂಡ ಪೋಸ್ಟ್‌ಗೆ ಬಂದ ಲೈಕ್ ಆ ಪೋಸ್ಟ್‌ನಲ್ಲಿಯೇ ಉಳಿಯುತ್ತದೆಯೇ ಹೊರತು ಅಂಗಡಿಯ ಪುಟದಲ್ಲಿರುವ ಮೂಲ ಚಿತ್ರದ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನು ವಾಟ್ಸಾಪ್‌ನ ಕುಟುಂಬದ ಗುಂಪಿಗೆ ನಾನು ಕಳುಹಿಸಿದ್ದು ಕೊಂಡಿಯನ್ನಲ್ಲ, ಬರಿಯ ಚಿತ್ರವನ್ನು. ಅಲ್ಲಿ ಬಂದ ಹೃದಯದ ಗುರುತುಗಳೂ ‘ಸೂಪರ್’ಗಳೂ ಎಲ್ಲಿಯೂ ಎಣಿಕೆಯಾಗುವಂಥವಲ್ಲ. ನಾನು ಮಾತ್ರ ಈ ಮೂರೂ ಕಡೆಯ ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಕೂಡಿಸಿಕೊಂಡು ಗೆದ್ದೇಬಿಟ್ಟೆ ಎಂದು ನಂಬಿ ಓಡಾಡುತ್ತಿದ್ದೆ. ಅಂಗಡಿಯವರು ಎಣಿಸಿದ್ದು ಆಲ್ಬಮ್‌ನೊಳಗಿನ ಚಿತ್ರದ ಲೈಕ್‌ಗಳನ್ನು ಮಾತ್ರ. ನಿಯಮದಲ್ಲಿ ಅದನ್ನು ಎಲ್ಲಿಯೂ ಬರೆದಿರಲಿಲ್ಲ ಎಂಬುದು ನಿಜ. ಆದರೆ ಚಿತ್ರ ಕಳುಹಿಸುವ ಮೊದಲು ‘ಯಾವ ಕಡೆಯ ಲೈಕ್ ಎಣಿಸುತ್ತೀರಿ’ ಎಂದು ಒಂದು ಸಾಲು ಕೇಳಲು ನನಗೇನೂ ಅಡ್ಡಿಯಿರಲಿಲ್ಲ. ಅದನ್ನು ಕೇಳಲಿಲ್ಲ, ರಾಗಿ ಮೊಳೆಸಲು ತೋರಿದ ಶ್ರದ್ಧೆಯಲ್ಲಿ ಕಾಲುಭಾಗವನ್ನೂ ಆ ಮೂರು ಸಾಲು ಓದಲು ತೋರಲಿಲ್ಲ.

‘ದಸರೆ ಮುಗಿಯುವವರೆಗೆ’ ಎಂಬುದರ ಮೇಲೂ ಜಗಳವಾಯಿತು. ಆ ವರ್ಷ ಮಹಾನವಮಿ ಅಕ್ಟೋಬರ್ 23ಕ್ಕೆ, ವಿಜಯದಶಮಿ 24ಕ್ಕೆ ಬಂದಿತ್ತು. ಪಟ್ಟದ ಗೊಂಬೆಯನ್ನು ಮಲಗಿಸುವುದು ವಿಜಯದಶಮಿಯ ರಾತ್ರಿ. ಆದ್ದರಿಂದ ಅಲ್ಲಿಗೆ ಮುಗಿಯಿತು ಎಂಬುದು ನಮ್ಮ ಲೆಕ್ಕ. ಅಂಗಡಿಯವರು ಎಣಿಸಿದ್ದು ಮರುದಿನ ಬೆಳಿಗ್ಗೆ ಬಾಗಿಲು ತೆರೆದ ಮೇಲೆ. ಗೆದ್ದವರ ಲೈಕ್‌ಗಳು ಏರಿದ್ದು ಆ ನಡುವಿನ ಹೊತ್ತಿನಲ್ಲಿಯೇ.

ನಿಮ್ಮ ಸ್ಪರ್ಧೆಯಲ್ಲಾದ ಅಂಥದೇ ಏರಿಕೆಯನ್ನು ನೀವು ಮೋಸ ಎನ್ನುತ್ತಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ‘ನೀವು ನನಗೆ ಲೈಕ್ ಕೊಡಿ, ನಾನು ನಿಮ್ಮ ಸ್ಪರ್ಧೆಯಲ್ಲಿ ಕೊಡುತ್ತೇನೆ’ ಎಂದು ವಿನಿಮಯ ಮಾಡಿಕೊಳ್ಳುವ ಗುಂಪುಗಳಿವೆ. ಅಲ್ಲಿನವರು ಯಾವ ಊರಿನವರೂ ಯಾವ ದೇಶದವರೂ ಆಗಿರಬಹುದು. ಹಣಕ್ಕೆ ಲೈಕ್ ಮಾರುವವರೂ ಇದ್ದಾರೆ, ಅದು ಫೇಸ್‌ಬುಕ್‌ನ ನಿಯಮಗಳಿಗೇ ವಿರುದ್ಧ. ಹೊರಗಿನಿಂದ ನೋಡುವ ನಿಮಗಾಗಲಿ ನನಗಾಗಲಿ ಇವೆರಡರ ವ್ಯತ್ಯಾಸ ಕಾಣುವುದಿಲ್ಲ. ಬಂಧುಗಳನ್ನು ಕರೆದು ಮತ ಹಾಕಿಸುವುದು ನ್ಯಾಯವಾದರೆ ವಿನಿಮಯ ಮಾತ್ರ ಹೇಗೆ ಅನ್ಯಾಯವಾಗುತ್ತದೆ? ನನ್ನ ಚಿಕ್ಕಮ್ಮನೂ ಉಳಿದ ಅಲಂಕಾರಗಳನ್ನು ನೋಡಿ ತೂಗಿ ಲೈಕ್ ಕೊಟ್ಟವರಲ್ಲ. ಇಂಥ ಸ್ಪರ್ಧೆಯಲ್ಲಿ ಅಳತೆಗೆ ಸಿಗುವುದು ಗೊಂಬೆಗಳ ಅಂದವಲ್ಲ, ನಮ್ಮ ಫೋನಿನಲ್ಲಿರುವ ಹೆಸರುಗಳ ಪಟ್ಟಿಯ ಉದ್ದ. ಅಲ್ಲದೆ ಮೊದಲ ದಿನವೇ ಆಲ್ಬಮ್ ಸೇರಿದ ಚಿತ್ರಕ್ಕೂ ಕಡೆಯ ದಿನ ಸೇರಿದ ಚಿತ್ರಕ್ಕೂ ಸಿಗುವ ಕಾಲಾವಕಾಶವೇ ಬೇರೆ. ಈ ತಾರತಮ್ಯದ ಬಗ್ಗೆ, ಮೊದಲೇ ಕಳುಹಿಸಿದ್ದ ನಾನೂ ಸೇರಿದಂತೆ, ಯಾರೂ ತುಟಿ ಬಿಚ್ಚಲಿಲ್ಲ.

ನಮ್ಮ ಸ್ಪರ್ಧೆಯಲ್ಲಿ ಗೆದ್ದ ಅಲಂಕಾರ ಚಂದ್ರಯಾನದ್ದು. ಅದೇ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಿದ್ದರಿಂದ ಆ ದಸರೆಯಲ್ಲಿ ಎಷ್ಟೋ ಮನೆಗಳ ಮೆಟ್ಟಿಲುಗಳ ಮೇಲೆ ರಾಕೆಟ್ ನಿಂತಿತ್ತು. ‘ಸಾಂಪ್ರದಾಯಿಕ’ ಸ್ಪರ್ಧೆಯಲ್ಲಿ ರಾಕೆಟ್ ಹೇಗೆ ಎಂದು ನಾನೂ ಕೂಗಾಡಿದ್ದುಂಟು. ಈಗ ಹಾಗೆ ಅನ್ನಿಸುವುದಿಲ್ಲ. ಗೊಂಬೆಯ ಮೆಟ್ಟಿಲುಗಳ ಮೇಲೆ ರೈಲು, ಕ್ರಿಕೆಟ್ ತಂಡ, ಮದುವೆ ದಿಬ್ಬಣ ಎಲ್ಲವೂ ಬಂದುಹೋಗಿವೆ.

ಇನ್ನು ದೂರಿನ ವಿಷಯ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 2(47) ಅನುಚಿತ ವ್ಯಾಪಾರ ಪದ್ಧತಿಗಳನ್ನು ಹೆಸರಿಸುತ್ತದೆ. ಬಹುಮಾನದ ಯೋಜನೆ ಮುಗಿದ ಮೇಲೆ ಅದರ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದೂ ಅವುಗಳಲ್ಲಿ ಒಂದು. ಆದರೆ ಅದೇ ಕಾಯ್ದೆಯ ಪ್ರಕಾರ ಗ್ರಾಹಕ ಎಂದರೆ ಹಣ ಕೊಟ್ಟು ಸರಕನ್ನು ಕೊಂಡವರು ಅಥವಾ ಸೇವೆ ಪಡೆದವರು. ಪುಕ್ಕಟೆ ಚಿತ್ರ ಕಳುಹಿಸಿದ ನೀವು ಗ್ರಾಹಕರು ಎಂದು ಸಾಧಿಸುವುದೇ ಕಷ್ಟ. ನಿಮ್ಮ ಸ್ಪರ್ಧೆಯಲ್ಲಿ ಫಲಿತಾಂಶ ಪ್ರಕಟವಾಗಿದೆ, ಬಹುಮಾನವೂ ಸಂದಿದೆ ಎಂದು ನೀವೇ ಬರೆದಿದ್ದೀರಿ. ಹಾಗಿರುವಾಗ ದೂರಿಗೆ ಏನು ಉಳಿಯಿತು? ನಿಯಮವೇ ಇಲ್ಲದ ಕಡೆ ನಿಯಮ ಮುರಿದರು ಎನ್ನಲು ಬರುವುದಿಲ್ಲ. ಆಯೋಜಕರನ್ನೇ ಹಿಡಿಯಬೇಕೆಂದಿದ್ದರೆ ಒಂದು ದಾರಿ ಇದೆ: ‘ನಿಮ್ಮ ಗೋಡೆಯ ಮೇಲೆ ಹಂಚಿಕೊಂಡರೆ ಮಾತ್ರ ಪ್ರವೇಶ’ ಎಂಬಂಥ ಷರತ್ತನ್ನು ಫೇಸ್‌ಬುಕ್‌ನ ಪುಟಗಳ ನೀತಿ ಒಪ್ಪುವುದಿಲ್ಲ, ಸ್ಪರ್ಧೆಯ ನಿಯಮಗಳ ಹೊಣೆ ಆಯೋಜಕರದೇ ಎಂದೂ ಅದು ಹೇಳುತ್ತದೆ. ಹಾಗೆಂದು ಫೇಸ್‌ಬುಕ್‌ಗೆ ದೂರಿದರೆ ಆ ಪೋಸ್ಟ್ ಹೋಗಬಹುದು. ಬಹುಮಾನ ನಿಮಗೆ ಬರುವುದಿಲ್ಲ.

ಹೆಚ್ಚು ಮತ ಗಳಿಸುವ ಉಪಾಯವನ್ನು ನಾನು ಹೇಳಿಕೊಡುವುದಿಲ್ಲ. ನೆಂಟರನ್ನು ಹತ್ತು ಸಲ ಕಾಡಿ, ಗೊಂಬೆ ಆರತಿಯ ಹೊತ್ತಿನಲ್ಲಿ ಬಾಗಿನಕ್ಕೆ ಬಂದ ಮಕ್ಕಳ ಕೈಯಿಂದಲೂ ಅವರ ಅಮ್ಮಂದಿರ ಫೋನಿನಲ್ಲಿ ಲೈಕ್ ಒತ್ತಿಸಿದವಳು ನಾನು. ಆ ಹಬ್ಬದಲ್ಲಿ ನನಗೆ ನೆನಪಿರುವುದು ಸಂಖ್ಯೆಗಳು ಮಾತ್ರ. ಮೊದಲು ತೀರ್ಪುಗಾರರು ಕೆಲವನ್ನು ಆರಿಸಿ, ಆನಂತರ ಅವುಗಳಿಗೆ ಮಾತ್ರ, ಫೋನ್ ಸಂಖ್ಯೆಗೆ ಬರುವ ಓಟಿಪಿಯ ಮೂಲಕ ಒಬ್ಬರಿಗೆ ಒಂದೇ ಮತ ಎಂಬ ಕಟ್ಟುಪಾಡಿನಲ್ಲಿ ನಡೆಯುವ ಸ್ಪರ್ಧೆ ಸಿಕ್ಕರೆ ಸೇರಿ. ಬರಿಯ ಲೈಕ್ ಎಣಿಸುವ ಸ್ಪರ್ಧೆಯಾದರೆ ಯಾವ ಪೋಸ್ಟ್‌ನ ಲೈಕ್, ಯಾವ ದಿನದ ಎಷ್ಟು ಗಂಟೆಯವರೆಗೆ, ಹೃದಯದ ಗುರುತೂ ಲೆಕ್ಕಕ್ಕುಂಟೇ, ಅಂಗಡಿಯವರ ಮನೆಯವರು ಭಾಗವಹಿಸಬಹುದೇ, ನಮ್ಮ ಚಿತ್ರವನ್ನು ಅವರು ಜಾಹೀರಾತಿಗೆ ಬಳಸುತ್ತಾರೆಯೇ ಎಂಬುದನ್ನು ಎಲ್ಲರಿಗೂ ಕಾಣುವಂತೆ ಆ ಪೋಸ್ಟ್‌ನ ಕೆಳಗೇ ಬರೆದು ಕೇಳಿ, ಉತ್ತರ ಬಂದ ಮೇಲೆಯೇ ಚಿತ್ರ ಕಳುಹಿಸಿ.