ಕಣಿವೆಯ ತಳದಲ್ಲೇ ನಡೆದರೆ ಹಿಮಕುಸಿತದ ಭಯ ಇಲ್ಲವೇ?

ಪ್ರಶ್ನೆ: ಮಾರ್ಚ್ ಕೊನೆಯಲ್ಲಿ ನಾವು ನಾಲ್ವರು ಗೆಳೆಯರು ಮನಾಲಿ ಬಳಿಯ ಸೋಲಂಗ್‌ನಿಂದ ಧುಂಡಿ ಮೂಲಕ ಬಿಯಾಸ್ ಕುಂಡದ ಕಡೆ ಹೋಗಬೇಕೆಂದಿದ್ದೇವೆ. ಶಿಖರ ಹತ್ತುವುದಿಲ್ಲ, ಕಣಿವೆಯ ತಳದಲ್ಲೇ ನಡೆಯುತ್ತೇವೆ. ಆದರೂ ಹಿಮಕುಸಿತಕ್ಕೆ ಹೆದರಬೇಕೆ? ಅಪಾಯದ ಜಾಗವನ್ನು ಮ್ಯಾಪಿನಲ್ಲೇ ಗುರುತಿಸಬಹುದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹೆದರಬೇಕು. ನೀವು ಎಷ್ಟು ಎತ್ತರಕ್ಕೆ ಹತ್ತುತ್ತೀರಿ ಎಂಬುದಲ್ಲ, ನಿಮ್ಮ ತಲೆಯ ಮೇಲೆ ಏನಿದೆ ಎಂಬುದು ಮುಖ್ಯ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮತ್ತು ಒಂಬತ್ತು ಸಂಗಡಿಗರ ಮೇಲೆ ಹಿಮ ಕುಸಿದಾಗ ಅವರು ಬೆಟ್ಟ ಹತ್ತುತ್ತಿರಲಿಲ್ಲ, ತಮ್ಮ ಠಾಣೆಯಲ್ಲಿದ್ದರು.

ಹಿಮದ ಹಾಸು ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. 38ರ ಆಸುಪಾಸು ತೀರಾ ಕೆಟ್ಟದ್ದು. ಇದನ್ನು ಮನೆಯಲ್ಲೇ ಅಳೆಯಬಹುದು. 1:50,000 ಟೊಪೊ ಶೀಟಿನಲ್ಲಿ (ನೆಲದ ಏರಿಳಿತ ತೋರಿಸುವ ನಕ್ಷೆ, ಇದರಲ್ಲಿ 1 ಮಿ.ಮೀ. ಎಂದರೆ ನೆಲದ ಮೇಲೆ 50 ಮೀಟರ್) ಸಮೋನ್ನತಿ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ನಡುವಿನ ಎತ್ತರದ ವ್ಯತ್ಯಾಸ 40 ಮೀಟರ್ ಇದೆ ಎನ್ನಿ. ಪಕ್ಕಪಕ್ಕದ ಎರಡು ರೇಖೆಗಳ ನಡುವೆ 1.4 ಮಿ.ಮೀ. ಬಂದರೆ ಅದು 30 ಡಿಗ್ರಿ, 1 ಮಿ.ಮೀ. ಬಂದರೆ ಸುಮಾರು 39. ಇಷ್ಟು ಸಣ್ಣದು ಕಣ್ಣಿಗೆ ಸಿಗದು, ಹಾಗಾಗಿ ಐದು ಅಂತರಗಳನ್ನು ಒಟ್ಟಿಗೆ ಅಳೆಯಿರಿ. 7 ಮಿ.ಮೀ.ಗಿಂತ ಕಡಿಮೆ ಬಂದಲ್ಲೆಲ್ಲ ಕೆಂಪು ಪೆನ್ಸಿಲ್ ಆಡಿಸಿ. ಎರಡು ರೇಖೆಗಳ ಮಧ್ಯೆ ಅಡಗಿರುವ ಹದಿನೈದು ಮೀಟರಿನ ದಿಬ್ಬ ಮಾತ್ರ ಮ್ಯಾಪಿನಲ್ಲಿ ಕಾಣುವುದಿಲ್ಲ. ಒಬ್ಬನನ್ನು ಹೂಳಲು ಅಷ್ಟು ಸಾಕು.

ಬಹಳ ಜನ ಕೆಂಪು ಬಳಿದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕೆಂಪು ಜಾಗದಿಂದ ನೀರು ಸುರಿದರೆ ಎಲ್ಲಿಗೆ ಹರಿದೀತು ಎಂದು ಕೆಳಗಿನವರೆಗೂ ಗೆರೆ ಎಳೆಯಿರಿ. ದೊಡ್ಡ ಹಿಮಕುಸಿತ ತಳ ಮುಟ್ಟಿದ ಮೇಲೂ ಸಮತಟ್ಟಿನಲ್ಲಿ ಬಹುದೂರ ನುಗ್ಗುತ್ತದೆ, ಕೆಲವೊಮ್ಮೆ ಎದುರು ದಡವನ್ನೂ ಏರುತ್ತದೆ. ನಿಮ್ಮ ದಾರಿ ಆ ಗೆರೆಗಳನ್ನು ಎಲ್ಲೆಲ್ಲಿ ದಾಟುತ್ತದೋ ಅಲ್ಲೆಲ್ಲ ಅಪಾಯವಿದೆ. ಅದರಲ್ಲೂ ಇಕ್ಕಟ್ಟಾದ ಕೊರಕಲಿದ್ದರೆ ಇನ್ನೂ ಜಾಗ್ರತೆ: ಬಯಲಿನಲ್ಲಿ ಮೊಣಕಾಲು ಮುಚ್ಚುವಷ್ಟು ಹಿಮವೇ ಅಲ್ಲಿ ಆಳೆತ್ತರ ಪೇರಿಕೊಳ್ಳುತ್ತದೆ.

ಸ್ಥಳಕ್ಕೆ ಹೋದಾಗ ಭೋಜಪತ್ರದ ಮರಗಳನ್ನು ನೋಡಿ. ಕಾಡಿನ ನಡುವೆ ನೇರ ಬೋಳು ಪಟ್ಟಿ, ಮೇಲ್ಬದಿಯ ಕೊಂಬೆಗಳಷ್ಟೇ ಮುರಿದ ಮರಗಳು ಕಂಡರೆ ಅದು ಹಿಮ ಹಿಂದೆ ಇಳಿದ ದಾರಿ. ಬೆಟ್ಟದ ನೆತ್ತಿಯ ಅಂಚಿನಿಂದ ಹಿಮ ಸೂರಿನಂತೆ ಹೊರಚಾಚಿದ್ದರೆ ಗಾಳಿ ಆ ಬದಿಗೆ ಹಿಮ ತಂದು ಪೇರಿಸಿದೆ ಎಂದರ್ಥ. ಅದರ ಕೆಳಗೆ ಊಟಕ್ಕೆ ಕೂರಬೇಡಿ.

ಮಾರ್ಚ್ ಕೊನೆಗೆ ಬಿಸಿಲೂ ಒಂದು ಕಾಟ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳ ಕೆಳಗಿನ ದಾರಿಯನ್ನು ಬೆಳಿಗ್ಗೆಯೇ, ಒಬ್ಬೊಬ್ಬರಾಗಿ ದಾಟಿ. ಚಂಡೀಗಢದ ಡಿಜಿಆರ್‌ಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಯ ಹಿಮಕುಸಿತ ಮುನ್ಸೂಚನೆ ನೋಡಿಕೊಂಡೇ ಹೊರಡಿ. ಆದರೆ ಅದು ಇಡೀ ಪ್ರದೇಶಕ್ಕೆ ಹೇಳಿದ ಮಾತು, ನಿಮ್ಮ ಟೆಂಟಿನ ಮೇಲಿರುವ ಇಳಿಜಾರಿಗಲ್ಲ. ಆದ್ದರಿಂದ ಗೈಡನ್ನು ಗೊತ್ತುಮಾಡುವ ಮೊದಲೇ ಟೆಂಟ್ ಎಲ್ಲಿ ಹಾಕುತ್ತಾರೆಂದು ಕೇಳಿ, ಆ ಜಾಗವನ್ನು ನಿಮ್ಮ ಕೆಂಪು ಗೆರೆಗಳ ಮೇಲಿಟ್ಟು ನೋಡಿ.