ಅಚ್ಚಾಗದ ಲೇಖನ, ಜರ್ಮನಿಯ ಅರ್ಜಿ

ನಿಮ್ಮ ಪತ್ರ ಓದಿದೆ. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ., ಆಮೇಲೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ಸಹಾಯಕಿಯ ಕೆಲಸ, ಈಗ ಗಂಡನ ಉದ್ಯೋಗದ ದೆಸೆಯಿಂದ ಜರ್ಮನಿಯ ಲೈಪ್‌ಜಿಗ್. ಪಿಎಚ್.ಡಿ. ಹುದ್ದೆಗಳಿಗೆ ಅರ್ಜಿ ಹಾಕಲು ಹೊರಟಿದ್ದೀರಿ. ನಿಮ್ಮ ಹೆಸರಿರುವ ಒಂದು ಲೇಖನ ಪತ್ರಿಕೆಯೊಂದರ ಪರಿಶೀಲನೆಯಲ್ಲಿದೆ, ಇನ್ನೆರಡು ‘ಸಿದ್ಧವಾಗುತ್ತಿವೆ’, ಅಚ್ಚಾದದ್ದು ಒಂದೂ ಇಲ್ಲ. ಇವನ್ನು ಸಿ.ವಿ.ಯಲ್ಲಿ ಹಾಕಬಹುದೇ ಎಂದು ಕೇಳಿದ್ದೀರಿ. ನಾನು ಇದೇ ಜರ್ಮನಿಯ ಯೇನಾ ಊರಿನಲ್ಲಿ ಬಹಳ ವರ್ಷಗಳಿಂದ ಇದೇ ಶಾಸ್ತ್ರದ ಅನ್ನ ಉಣ್ಣುತ್ತಿದ್ದೇನೆ. ಹುದ್ದೆ ಖಾಲಿಯಾದಾಗಲೆಲ್ಲ ಬರುವ ಅರ್ಜಿಗಳಲ್ಲಿ ಒಂದು ಪಾಲು ನನ್ನ ಮೇಜಿಗೂ ಬರುತ್ತದೆ. ಓದುವವನ ಕಡೆಯಿಂದ ಹೇಳುತ್ತೇನೆ.

ಪರಿಶೀಲನೆಯಲ್ಲಿರುವುದನ್ನು ಧೈರ್ಯವಾಗಿ ಹಾಕಿ. ಉಳಿದೆರಡನ್ನು ಬಿಡಿ. ‘ಸಿದ್ಧವಾಗುತ್ತಿದೆ’ ಎಂಬ ಸಾಲಿನ ಹಿಂದೆ ಮುಗಿದ ಹಸ್ತಪ್ರತಿಯೂ ಇರಬಹುದು, ಬರಿಯ ಆಸೆಯೂ ಇರಬಹುದು. ಓದುವವನಿಗೆ ಎರಡನ್ನೂ ಬೇರೆ ಮಾಡುವ ದಾರಿಯಿಲ್ಲ, ಹಾಗಾಗಿ ಎರಡನ್ನೂ ಆಸೆಯೆಂದೇ ಎಣಿಸುತ್ತಾನೆ. ಸಂದರ್ಶನದಲ್ಲಿ ಜರ್ಮನ್ ಪ್ರೊಫೆಸರು ‘ಆಸಕ್ತಿಕರವಾಗಿದೆ, ಕಳುಹಿಸಿ’ ಎಂದರೆ ಅದು ಸೌಜನ್ಯದ ಮಾತಲ್ಲ. ಮರುದಿನ ನಿಜವಾಗಿಯೂ ಮಿಂಚಂಚೆ ನೋಡುತ್ತಾರೆ. ಆ ಎರಡರಲ್ಲಿ ಯಾವುದಾದರೂ ಕಳುಹಿಸಬಹುದಾದ ಕಡತವಾಗಿದ್ದರೆ ಮಾತು ಬೇರೆ.

ಹಾಕುವ ಬಗೆಯಲ್ಲೂ ಸೂಕ್ಷ್ಮವಿದೆ. ‘ಪ್ರಕಟಣೆಗಳು’ ಎಂಬ ತಲೆಬರಹದ ಕೆಳಗೆ ಪ್ರಕಟವಾಗದ್ದನ್ನು ತುರುಕಬೇಡಿ. ‘ಹಸ್ತಪ್ರತಿಗಳು’ ಎಂದು ಬೇರೆ ತಲೆಬರಹ ಕೊಡಿ. ಎಲ್ಲ ಲೇಖಕರ ಹೆಸರನ್ನೂ ಇರುವ ಕ್ರಮದಲ್ಲೇ ಬರೆದು, ನಿಮ್ಮದನ್ನು ದಪ್ಪಕ್ಷರದಲ್ಲಿಡಿ. ಮೂರನೆಯ ಲೇಖಕಿಯಾಗಿರುವುದು ಅವಮಾನವಲ್ಲ. ಯಾವ ಅಳತೆಗಳನ್ನು ನೀವು ಮಾಡಿದಿರಿ ಎಂದು ಒಂದು ಸಾಲು ಸೇರಿಸಿದರೆ ಮೊದಲ ಲೇಖಕಿಯಷ್ಟೇ ಗಮನ ಸಿಗುತ್ತದೆ. ಪತ್ರಿಕೆಯ ಹೆಸರನ್ನು ಒಪ್ಪಿಗೆ ಸಿಗುವವರೆಗೆ ಬರೆಯಬೇಡಿ. ಉಲ್ಲೇಖಕ್ಕೆ ಬಹಳ ಕಡೆ ಬಳಕೆಯಲ್ಲಿರುವ ಎಪಿಎ ಶೈಲಿಯ ನಿಯಮವೂ ಇದೇ. ದೊಡ್ಡ ಪತ್ರಿಕೆಗೆ ಕಳುಹಿಸಿದ್ದೇನೆ ಎನ್ನುವುದರಲ್ಲಿ ಹೆಚ್ಚುಗಾರಿಕೆಯೇನಿದೆ? ಕಳುಹಿಸಲು ಯಾರಿಗೂ ಅಡ್ಡಿಯಿಲ್ಲ. ತಿದ್ದುಪಡಿ ಕೇಳಿ ಹಿಂದಿರುಗಿಸಿದ್ದರೆ ಮಾತ್ರ ಅದನ್ನು ಅವಶ್ಯ ತಿಳಿಸಿ, ಅದು ನಿಜವಾದ ಮೆಟ್ಟಿಲು.

ಇದಕ್ಕಿಂತ ಒಳ್ಳೆಯ ದಾರಿ ಪ್ರೀಪ್ರಿಂಟ್, ಅಂದರೆ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಹಸ್ತಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಇಡುವುದು. ಭೌತವಿಜ್ಞಾನಿಗಳು 1991ರಿಂದಲೂ ಆರ್ಕೈವ್ ಎಂಬ ಅಂಥ ತಾಣದಲ್ಲಿ ಹಸ್ತಪ್ರತಿಗಳನ್ನು ಬಹಿರಂಗವಾಗಿ ಇಡುತ್ತಿದ್ದಾರೆ. ಜೀವವಿಜ್ಞಾನಕ್ಕೆ 2013ರಲ್ಲಿ ಬಯೋಆರ್ಕೈವ್ ಬಂದಿತು, ನಮ್ಮ ರಸಾಯನಶಾಸ್ತ್ರಕ್ಕೆ 2017ರಲ್ಲಿ ಕೆಮ್‌ಆರ್ಕೈವ್. ಅಲ್ಲಿಟ್ಟ ಲೇಖನಕ್ಕೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ, ತಾರೀಖು ಬೀಳುತ್ತದೆ, ಯಾರು ಬೇಕಾದರೂ ತೆರೆದು ಓದಬಹುದು. ಆಗ ನಿಮ್ಮ ಮಾತನ್ನು ನಂಬಬೇಕಾದ ಪ್ರಶ್ನೆಯೇ ಬರುವುದಿಲ್ಲ. ಜರ್ಮನಿಯ ಮುಖ್ಯ ಸಂಶೋಧನಾ ಧನಸಹಾಯ ಸಂಸ್ಥೆಯಾದ ಡಿಎಫ್‌ಜಿ ತನ್ನ ಸಿ.ವಿ. ನಮೂನೆಯಲ್ಲಿ ಎರಡು ಪಟ್ಟಿ ಕೇಳುತ್ತದೆ: ಒಂದು ಪರಿಶೀಲನೆ ಮುಗಿಸಿ ಪ್ರಕಟವಾದವಕ್ಕೆ, ಇನ್ನೊಂದು ಪ್ರೀಪ್ರಿಂಟ್, ದತ್ತಾಂಶ, ತಂತ್ರಾಂಶ ಮುಂತಾದವಕ್ಕೆ, ಒಂದೊಂದರಲ್ಲೂ ಹತ್ತಕ್ಕಿಂತ ಹೆಚ್ಚು ಕೂಡದು. ಆದರೆ ಎರಡು ಎಚ್ಚರ. ಸಹಲೇಖಕರೆಲ್ಲರ ಒಪ್ಪಿಗೆ ಇಲ್ಲದೆ ಪ್ರೀಪ್ರಿಂಟ್ ಹಾಕಬಾರದು. ಕೆಲಸದಲ್ಲಿ ಪೇಟೆಂಟ್‌ಗೆ ಯೋಗ್ಯವಾದದ್ದೇನಾದರೂ ಇದ್ದರೆ ಮೊದಲು ಗೈಡ್ ಅವರನ್ನು ಕೇಳಿ. ಯುರೋಪಿನ ಪೇಟೆಂಟ್ ಕಾನೂನಿನಲ್ಲಿ, ಅಮೆರಿಕದಲ್ಲಿರುವಂತೆ, ಬಹಿರಂಗಪಡಿಸಿದ ಮೇಲೆ ಒಂದು ವರ್ಷದ ಸಾಮಾನ್ಯ ರಿಯಾಯಿತಿ ಇಲ್ಲ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಎಂದು ಅನ್ನಿಸಬಹುದು. ಇಲ್ಲಿ ಪಿಎಚ್.ಡಿ. ವಿದ್ಯಾರ್ಥಿ ಹೆಚ್ಚಾಗಿ ಸಂಬಳದ ನೌಕರ. ಹುದ್ದೆ ಸಾಮಾನ್ಯವಾಗಿ ಇ13 ಎಂಬ ಸರ್ಕಾರಿ ವೇತನಶ್ರೇಣಿಯ ಒಂದು ಪಾಲು, ಕೈಗೆ ಬರುವುದು ಕರಾರುಪತ್ರ. ಬೇಕೆಂದೇ ಮೋಸಮಾಡಿ ಪಡೆದ ಕರಾರನ್ನು ರದ್ದುಪಡಿಸಿಕೊಳ್ಳಲು ಜರ್ಮನ್ ನಾಗರಿಕ ಸಂಹಿತೆಯ 123ನೆಯ ಕಲಮು ಅವಕಾಶ ಕೊಡುತ್ತದೆ. ಇಲ್ಲಿನ ಗೋಟಿಂಗನ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ದೊಡ್ಡ ಗದ್ದಲವಾಗಿತ್ತು: ಇಂಡೋನೇಷ್ಯದ ಮಳೆಕಾಡುಗಳ ಮೇಲಿನ ಸಂಶೋಧನಾ ಕೂಟವೊಂದರ ಧನಸಹಾಯದ ಅರ್ಜಿಯಲ್ಲಿ ಅಚ್ಚಾಗದ ಲೇಖನಗಳ ವಿವರ ಸರಿಯಿರಲಿಲ್ಲವೆಂದು ತನಿಖೆ ನಡೆಯಿತು. ಮರುವರ್ಷ ಡಿಎಫ್‌ಜಿ ಲೇಖನಪಟ್ಟಿಗಳನ್ನೇ ಮೊಟಕುಗೊಳಿಸಿತು. ಹಿರಿಯ ವಿಜ್ಞಾನಿಗಳ ವಿಚಾರವೇ ಹೀಗಾದರೆ, ಹೊಸಬರ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪುವವರು ಯಾರು?

ನಮ್ಮಲ್ಲಿನ ಲೇಖನದ ಹಸಿವು ಎಲ್ಲಿಂದ ಬಂದಿತೆಂದು ನನಗೂ ಗೊತ್ತು. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನವಾದರೂ ಅಚ್ಚಾಗಿರಬೇಕೆಂದು ಯುಜಿಸಿ 2016ರ ನಿಯಮದಲ್ಲಿ ವಿಧಿಸಿತ್ತು, 2022ರಲ್ಲಿ ಕೈಬಿಟ್ಟಿತು. ನಿಯಮ ಹೋದರೂ ಭಯ ಹೋಗಿಲ್ಲ. ಅಚ್ಚಾದದ್ದು ಬೇಕೇ ಬೇಕೆಂದು ಹಣ ಕೊಟ್ಟರೆ ವಾರದಲ್ಲಿ ಪ್ರಕಟಿಸುವ ಪತ್ರಿಕೆಗೆ ದಯವಿಟ್ಟು ಕೊಡಬೇಡಿ. ಅಂಥ ಒಂದು ಸಾಲು ನಿಮ್ಮ ಖಾಲಿ ಪಟ್ಟಿಗಿಂತ ಕೆಟ್ಟದಾಗಿ ಕಾಣುತ್ತದೆ.

ನೀವು ಮರೆತಿರುವ ವಿಷಯ ಇನ್ನೊಂದಿದೆ. ನಿಮ್ಮ ಕೈಯಲ್ಲಿರುವ ಅತಿ ಗಟ್ಟಿಯಾದ ಅಪ್ರಕಟಿತ ಕೆಲಸ ನಿಮ್ಮ ಎಂ.ಎಸ್ಸಿ. ಪ್ರಬಂಧ. ಕಳುಹಿಸಿದ ಸಿ.ವಿ.ಯಲ್ಲಿ ಅದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ! ಇಲ್ಲಿ ಅದನ್ನು ಮೊದಲು ನೋಡುತ್ತಾರೆ: ಶೀರ್ಷಿಕೆ, ಮಾರ್ಗದರ್ಶಕರು, ಅಂಕ, ಬಳಸಿದ ಉಪಕರಣ, ಒಂದೆರಡು ವಾಕ್ಯದಲ್ಲಿ ಫಲಿತಾಂಶ. ಧಾರವಾಡದಲ್ಲಿ ಅಣುಗಳ ರಚನೆ ತಿಳಿಸುವ ಎನ್‌ಎಂಆರ್ ಯಂತ್ರದ ಮುಂದೆ ನೀವೇ ಕೂತು ರೋಹಿತಗಳನ್ನು ಬಿಡಿಸಿದ್ದೀರಿ ಎಂದು ಪತ್ರದ ಕೊನೆಯಲ್ಲಿ ಹೀಗೇ ಸುಮ್ಮನೆ ಬರೆದಿದ್ದೀರಿ. ಆ ಮಾತು ಸಿ.ವಿ.ಯ ಮೊದಲ ಪುಟದಲ್ಲಿರಬೇಕು. ಪಿಎಚ್.ಡಿ. ಹುದ್ದೆಗೆ ಅಚ್ಚಾದ ಲೇಖನವನ್ನು ಸಾಮಾನ್ಯವಾಗಿ ಯಾರೂ ಷರತ್ತಾಗಿ ಇಡುವುದಿಲ್ಲ. ಸಮ್ಮೇಳನದ ಪೋಸ್ಟರ್ ಇದ್ದರೆ ಅದನ್ನೂ ಊರು, ವರ್ಷ ಸಮೇತ ಪ್ರತ್ಯೇಕವಾಗಿ ಹಾಕಿ.

ಅರ್ಜಿ ಹಾಕಿದ ಮೇಲೆ ಲೇಖನ ಒಪ್ಪಿತವಾದರೆ ಎರಡು ಸಾಲಿನ ಮಿಂಚಂಚೆ ಕಳುಹಿಸಿ, ಯಾರೂ ಬೇಸರಪಡುವುದಿಲ್ಲ. ತಿರಸ್ಕೃತವಾದರೆ ಮುಂದಿನ ಅರ್ಜಿಯಿಂದ ಆ ‘ಪರಿಶೀಲನೆಯಲ್ಲಿದೆ’ಯನ್ನು ತೆಗೆಯಿರಿ, ಬೇರೆ ಪತ್ರಿಕೆಗೆ ಕಳುಹಿಸಿದ ದಿನ ಮತ್ತೆ ಸೇರಿಸಬಹುದು. ಇದಕ್ಕೆಲ್ಲ ಮೊದಲು ಬೆಂಗಳೂರಿನ ಗೈಡ್ ಅವರಿಗೆ ಕರೆ ಮಾಡಿ, ಶೀರ್ಷಿಕೆ ನಮೂದಿಸಲು, ಕೇಳಿದವರಿಗೆ ಹಸ್ತಪ್ರತಿ ಕೊಡಲು, ಪ್ರೀಪ್ರಿಂಟ್ ಹಾಕಲು ಒಪ್ಪಿಗೆ ಕೇಳಿ. ಮಾತು ಮುಗಿದ ಮೇಲೆ ಅದನ್ನೇ ಮಿಂಚಂಚೆಯಲ್ಲೂ ಬರೆದು ಉತ್ತರ ತರಿಸಿಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುತ್ತದೆ, ಚಳಿಗಾಲದಲ್ಲಿ ನಾಲ್ಕೂವರೆ. ಇಲ್ಲಿ ಬೆಳಿಗ್ಗೆ ಏಳಕ್ಕೇ ಕರೆ ಮಾಡಿದರೆ ಅವರು ಊಟಕ್ಕೆ ಏಳುವ ಮೊದಲು ಸಿಗುತ್ತಾರೆ.